ಪರದೆಯ ಮೇಲಿನ ಮಗ್ಗಿ

ಹಾಲ್ಕುರಿಕೆಯ ಸುತ್ತಿನ ತೋಟಗಳಲ್ಲಿ ಕಾಯಿ ಎಣಿಸುವ ದಿನ ಮನೆಯ ಮಕ್ಕಳಿಗೂ ಲೆಕ್ಕದ ಪಾಠವಾಗುತ್ತದೆ. ಅಟ್ಟಕ್ಕೇರಿಸಿದ ಕಾಯಿಯಲ್ಲಿ ಎಷ್ಟು ಕೊಳೆಯಿತು, ಎಷ್ಟು ಉಂಡೆ ಕೊಬ್ಬರಿಯಾಗಿ ಉಳಿಯಿತು, 2025ರ ಹಂಗಾಮಿಗೆ ಕ್ವಿಂಟಲಿಗೆ ಘೋಷಿತವಾಗಿದ್ದ 12,100 ರೂಪಾಯಿ ಬೆಂಬಲ ಬೆಲೆಯಂತೆ ಮೂರೂವರೆ ಕ್ವಿಂಟಲಿಗೆ ಎಷ್ಟಾಗುತ್ತದೆ? ಇಂತಹ ಮನೆಯೊಂದರ ಜಗಲಿಯಲ್ಲಿ ನಾಲ್ಕನೆಯ ತರಗತಿಯ ಹುಡುಗನೊಬ್ಬ ಟ್ಯಾಬ್ಲೆಟ್ಟಿನಲ್ಲಿ ಭಿನ್ನರಾಶಿಯ ಲೆಕ್ಕ ಮಾಡುತ್ತಿದ್ದುದನ್ನು ಕಂಡೆ. ಕೊಟ್ಟಿದ್ದ ನಾಲ್ಕು ಉತ್ತರಗಳನ್ನು ಒಂದೊಂದಾಗಿ ಒತ್ತಿ, ಮೂರನೆಯದಕ್ಕೆ ಹಸಿರು ಬಣ್ಣ ಬಂದೊಡನೆ ಮುಂದೆ ಸಾಗಿದ. "ಅದೆಂಗೆ ಬಂತು ಮಗ?" ಎಂದು ತಾತ ಕೇಳಿದರು. "ಹಸಿರು ಬಂತಲ್ಲ ತಾತ!" ಎಂದ.

ಆ ಉತ್ತರಕ್ಕೆ ನಾವೆಲ್ಲರೂ ನಕ್ಕೆವು. ಆದರೆ ಪ್ರಾಥಮಿಕ ಶಾಲೆಗಳ ಗಣಿತ ಮತ್ತು ವ್ಯಾಕರಣ ಪಾಠಗಳಿಗೆ ಟ್ಯಾಬ್ಲೆಟ್ಟು ಬರುತ್ತಿರುವ ಈ ಕಾಲದಲ್ಲಿ ತಾತನ ಪ್ರಶ್ನೆ ನಗೆಯಲ್ಲಿ ತೇಲಿಹೋಗಬಾರದು. 2025-26ರ ರಾಜ್ಯ ಆಯವ್ಯಯದಲ್ಲಿ, ಕೃತಕ ಬುದ್ಧಿಮತ್ತೆಯ ನೆರವಿನಿಂದ ಕನ್ನಡ, ಇಂಗ್ಲಿಷ್ ಹಾಗೂ ಗಣಿತವನ್ನು ಅಭ್ಯಾಸ ಮಾಡಿಸುವ 'ಕಲಿಕಾ ದೀಪ' ಕಾರ್ಯಕ್ರಮವನ್ನು 2,000 ಶಾಲೆಗಳಿಗೆ ವಿಸ್ತರಿಸುವುದಾಗಿ ಸರ್ಕಾರ ಪ್ರಕಟಿಸಿತು. ಆದ್ದರಿಂದ ಇದು ಪಟ್ಟಣದ ಖಾಸಗಿ ಶಾಲೆಗಳಿಗೆ ಮಾತ್ರ ಸೇರಿದ ವಿಚಾರವಲ್ಲ.

ಯಂತ್ರವನ್ನು ಸಾರಾಸಗಟಾಗಿ ತಳ್ಳಿಹಾಕುವವರ ಪಂಗಡಕ್ಕೆ ನಾನು ಸೇರಿದವನಲ್ಲ. 2015ರಲ್ಲಿ ದೆಹಲಿಯ ಸರ್ಕಾರಿ ಮಾಧ್ಯಮಿಕ ಶಾಲೆಗಳ ಮಕ್ಕಳಿಗೆ 'ಮೈಂಡ್‌ಸ್ಪಾರ್ಕ್' ಎಂಬ ತಂತ್ರಾಂಶದ ಮೂಲಕ ಗಣಿತ, ಹಿಂದಿ ಕಲಿಸಿ ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಸುಮಾರು ನಾಲ್ಕೂವರೆ ತಿಂಗಳಲ್ಲಿ ಎರಡೂ ವಿಷಯಗಳಲ್ಲಿ ಮಕ್ಕಳು ಗಣನೀಯವಾಗಿ ಮುಂದೆ ಬಂದಿದ್ದರು. ಕಾರಣವನ್ನು ಗಮನಿಸಿರಿ. ಆರನೆಯ ತರಗತಿಯಲ್ಲಿ ಕುಳಿತಿದ್ದ ಎಷ್ಟೋ ಮಕ್ಕಳ ಗಣಿತ ಮೂರು-ನಾಲ್ಕನೆಯ ತರಗತಿಯ ಮಟ್ಟದಲ್ಲೇ ನಿಂತಿತ್ತು. ಯಂತ್ರವು ಪ್ರತಿಯೊಬ್ಬನೂ ನಿಂತ ಮೆಟ್ಟಿಲನ್ನು ಗುರುತಿಸಿ ಅಲ್ಲಿಂದಲೇ ಹತ್ತಿಸಿತು. ಜೊತೆಗೆ, ದಿನದ ಪಾಠದ ಅರ್ಧ ಭಾಗ ಮಾತ್ರ ಯಂತ್ರದ್ದು. ಉಳಿದರ್ಧದಲ್ಲಿ ಬೋಧಕರೊಬ್ಬರು ಮಕ್ಕಳ ಸಣ್ಣ ಗುಂಪಿನೊಡನೆ ಕುಳಿತಿರುತ್ತಿದ್ದರು. ಇದಕ್ಕೆ ವಿರುದ್ಧವಾದ ನಿದರ್ಶನ ಪೆರು ದೇಶದ್ದು. ಅಲ್ಲಿ ಗ್ರಾಮೀಣ ಮಕ್ಕಳ ಕೈಗೆ ಪುಟ್ಟ ಕಂಪ್ಯೂಟರುಗಳನ್ನು ಧಾರಾಳವಾಗಿ ಹಂಚಿದರೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಪ್ರಗತಿ ಕಾಣಲಿಲ್ಲವೆಂದು 2012ರ ಅಧ್ಯಯನ ತೋರಿಸಿತು. ಕೊಟ್ಟವರು ಪೆಟ್ಟಿಗೆಯನ್ನು ಕೊಟ್ಟರು, ಪಾಠವನ್ನು ಕೊಡಲಿಲ್ಲ.

ಮಾನವನ ಅರಿವು ಇಂದ್ರಿಯಗಳ ಮೂಲಕವೇ ಆರಂಭವಾಗುತ್ತದೆಂಬುದು ಸಂತ ಥಾಮಸ್ ಅಕ್ವಿನಾಸರು ಅರಿಸ್ಟಾಟಲನಿಂದ ಪಡೆದು ಬೆಳೆಸಿದ ವಿಚಾರ. ಮುಟ್ಟಿ, ಎತ್ತಿ, ಒಡೆದು, ಪಾಲು ಮಾಡಿ ತಿಳಿದ ಮೇಲೆಯೇ ಮಗುವಿನ ಬುದ್ಧಿ 'ಮುಕ್ಕಾಲು' ಎಂಬ ಅಮೂರ್ತ ಭಾವಕ್ಕೆ ಏರುತ್ತದೆ. ಅಕ್ಷರ ಫೌಂಡೇಶನ್ನಿನ ನೆರವಿನಿಂದ ನಮ್ಮ ಸರ್ಕಾರಿ ಶಾಲೆಗಳಿಗೆ ಬಂದ 'ಗಣಿತ ಕಲಿಕಾ ಆಂದೋಲನ'ದ ಪೆಟ್ಟಿಗೆಯಲ್ಲಿ ಮಣಿಚೌಕಟ್ಟು, ಭಿನ್ನರಾಶಿಯ ಪಟ್ಟಿಗಳು ಇರುವುದು ಇದಕ್ಕಾಗಿಯೇ. ಅದೇ ಸಂಸ್ಥೆ ಮೊಬೈಲಿನಲ್ಲಿ ಆಡುವ ಗಣಿತದ ಆಟಗಳನ್ನೂ ಸಿದ್ಧಪಡಿಸಿದೆ. ಮಣಿ ಮೊದಲು, ಪರದೆ ಆಮೇಲೆ. ಈ ಕ್ರಮ ತಲೆಕೆಳಗಾದಾಗಲೇ 'ಹಸಿರು ಬಂತಲ್ಲ' ಎಂಬ ಉತ್ತರ ಬರುವುದು.

ವ್ಯಾಕರಣದ ಸಂಗತಿ ಇನ್ನೂ ಸೂಕ್ಷ್ಮ. 'ಮರದಿಂದ', 'ಮರಕ್ಕೆ', 'ಮರದಲ್ಲಿ' ಇವುಗಳಲ್ಲಿ ಬಿಟ್ಟ ಸ್ಥಳಕ್ಕೆ ಯಾವುದು ಸರಿಯೆಂದು ಟ್ಯಾಬ್ಲೆಟ್ಟು ಕ್ಷಣಮಾತ್ರದಲ್ಲಿ ತಿದ್ದೀತು. ಬೇಸರಿಸದೆ ನೂರು ಸಲ ತಿದ್ದೀತು, ಅಷ್ಟು ತಾಳ್ಮೆ ನಮ್ಮಲ್ಲಿ ಎಷ್ಟು ಜನಕ್ಕಿದೆಯೋ! ಆದರೆ ಬಿದ್ದ ಕಾಯಿಯ ಕಥೆಯನ್ನು ಮಗು ತನ್ನದೇ ನಾಲ್ಕು ವಾಕ್ಯಗಳಲ್ಲಿ ಬರೆಯುವಾಗ ವಿಭಕ್ತಿಯನ್ನು ಆರಿಸುವುದು ಅದರ ಮನಸ್ಸಿನ ಉದ್ದೇಶ. ಒತ್ತಕ್ಷರವಾದರೋ ಬೆರಳು ತಿದ್ದಿ ತಿದ್ದಿಯೇ ಕೈಗೆ ಹತ್ತಬೇಕು. ಶಾಲೆಗಳಲ್ಲಿ ಪರದೆಯನ್ನು ಬಹುಬೇಗ ಅಪ್ಪಿಕೊಂಡಿದ್ದ ಸ್ವೀಡನ್ ದೇಶವೇ 2023ರಲ್ಲಿ ಅಚ್ಚಿನ ಪುಸ್ತಕ ಹಾಗೂ ಕೈಬರಹದ ಕಡೆಗೆ ಮರಳುವ ನಿರ್ಧಾರ ಕೈಗೊಂಡಿತು.

ನಮ್ಮ ಅನೇಕ ಹಳ್ಳಿಗಳ ಶಾಲೆಗಳಲ್ಲಿ ನಲಿ-ಕಲಿಯ ಮೂರು ತರಗತಿಗಳು ಒಂದೇ ಕೋಣೆಯಲ್ಲಿ ನಡೆಯುತ್ತವೆ. ಶಿಕ್ಷಕಿ ಒಂದು ಗುಂಪಿನೊಡನೆ ಇರುವಾಗ ಇನ್ನೊಂದು ಗುಂಪಿಗೆ ಯಂತ್ರ ಅಭ್ಯಾಸ ಮಾಡಿಸಿದರೆ ಅದು ನಿಜವಾದ ಉಪಕಾರ. ಆದರೆ ಯಂತ್ರ ಬಂದಿತೆಂಬ ನೆಪದಲ್ಲಿ ಖಾಲಿಯಾದ ಶಿಕ್ಷಕರ ಹುದ್ದೆ ಖಾಲಿಯೇ ಉಳಿಯುವುದಾದರೆ ಅದು ಬಡವರ ಮಕ್ಕಳಿಗೆ ಮಾಡುವ ಅನ್ಯಾಯ. 2020ರ ಆಗಸ್ಟಿನಲ್ಲಿ, ಶಾಲೆಗಳು ಮುಚ್ಚಿದ್ದಾಗ, 'ವಿದ್ಯಾಗಮ'ದ ಹೆಸರಿನಲ್ಲಿ ಶಿಕ್ಷಕರು ಮರದ ನೆರಳಿಗೂ ದೇವಾಲಯದ ಅಂಗಳಕ್ಕೂ ಹೋಗಿ ಪಾಠ ಹೇಳಿದ್ದು ಯಾಕೆ? ಹಲವು ಮನೆಗಳಲ್ಲಿ ಫೋನೇ ಇರಲಿಲ್ಲ. ಇದ್ದ ಒಂದು ಫೋನು ದುಡಿಯಲು ಹೋದ ತಂದೆಯ ಜೇಬಿನಲ್ಲಿತ್ತು.

ಹೀಗಿರುವಾಗ ನನ್ನ ಗಮನ ಸೆಳೆದದ್ದು ರಾಜ್ಯದ 'ಗಣಿತ ಗಣಕ' ಕಾರ್ಯಕ್ರಮ. ಅದಕ್ಕೆ ಟ್ಯಾಬ್ಲೆಟ್ಟು ಬೇಡ, ಸಾಧಾರಣ ಫೋನು ಸಾಕು. ಶಾಲೆ ಬಿಟ್ಟ ಮೇಲೆ ಶಿಕ್ಷಕರು ಮಗುವಿನ ಮನೆಗೆ ಕರೆ ಮಾಡಿ, ಅದರ ಮಟ್ಟಕ್ಕೆ ತಕ್ಕ ಲೆಕ್ಕವೊಂದನ್ನು ಕೇಳುತ್ತಾರೆ. ಮಗು ಉತ್ತರ ಹೇಳಿದರೆ ಅವರೂ ಆ ತಾತನಂತೆಯೇ "ಹೇಗೆ ಬಂತು?" ಎಂದು ಕೇಳಬಹುದು.