ಬಿಗಿದುಕೊಂಡಿರುವುದು ಲಾಕ್ ರಿಂಗೋ, ನಮ್ಮ ಬುದ್ಧಿಯೋ?

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ, ಬೂದಿಕೋಟೆ ಕಡೆಯ ಗುಡ್ಡದಂಚಿನ ಹಳ್ಳಿಗಳಲ್ಲಿ ಸೈಕಲ್ಲು ಇಂದಿಗೂ ಬಡವರ ವಾಹನ. ಮಳೆನೀರು, ಕೆಂಪು ಧೂಳು ಸೇರಿ ಅದರ ಹಿಂಬದಿ ಚಕ್ರದ ಫ್ರೀವೀಲ್ ಬಿಗಿದುಕೊಂಡಿತೆಂದರೆ ಕೇಳಿಬರುವ ತೀರ್ಪು ಒಂದೇ: "ಲಾಕ್ ರಿಂಗ್ ಬಿಚ್ಚಲು ಬರುವುದಿಲ್ಲ, ಹೊಸದು ಹಾಕಿಸಿ." ಈ ತೀರ್ಪನ್ನು ನಾವು ಪ್ರಶ್ನಿಸಲೇಬೇಕಾಗಿದೆ.

ಫ್ರೀವೀಲಿನ ಹೊರಮುಖದಲ್ಲಿ ಎರಡು ಸಣ್ಣ ತೂತುಗಳಿರುವ ಬಳೆಯೇ ಈ ಲಾಕ್ ರಿಂಗು. ಅದರ ಥ್ರೆಡ್ಡು ಎಡಮುಖಿ. ತುಳಿಯುವುದನ್ನು ನಿಲ್ಲಿಸಿದಾಗಲೂ ಚಕ್ರ ಮುಂದಕ್ಕೆ ಉರುಳುತ್ತದೆಯಷ್ಟೆ. ಆಗ ಒಳಗಿನ ಗುಂಡುಗಳ ಎಳೆತಕ್ಕೆ ಬಳೆ ಸಡಿಲವಾಗದಿರಲೆಂದೇ ಈ ಏರ್ಪಾಡು. ಇದನ್ನರಿಯದವರು ಎಲ್ಲ ತಿರುಪುಗಳಂತೆ ಎಡಕ್ಕೆ ಬಡಿಯುತ್ತಾರೆ. ಬಡಿದಷ್ಟೂ ಅದು ಬಿಗಿಯಾಗುತ್ತದೆ, ತೂತುಗಳು ಹಾಳಾಗುತ್ತವೆ, ಅಪವಾದ ಮಾತ್ರ ಸೈಕಲ್ಲಿನ ತಲೆಗೆ!

ಸರಿಯಾದ ಕ್ರಮ ಸರಳ. ಬ್ರಷ್ಷಿನಿಂದ ಮಣ್ಣು ತೆಗೆದು, ಡೀಸೆಲ್ ಬೆರೆಸಿದ ಎಣ್ಣೆಯನ್ನು ಸಂದಿಗೆ ಬಿಟ್ಟು ಒಂದು ರಾತ್ರಿ ಕಾಯಬೇಕು. ತೂತಿಗೆ ಪಂಚನ್ನು ಓರೆಯಾಗಿ ಇಟ್ಟು, ಸರಪಣಿಯ ಬದಿಯಿಂದ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ, ಎರಡೂ ತೂತುಗಳಲ್ಲಿ ಸರದಿಯಂತೆ ಸಣ್ಣ ಪೆಟ್ಟುಗಳನ್ನು ಕೊಡಬೇಕು. ಕೆಳಗೆ ಬಟ್ಟೆ ಹಾಸಿರಬೇಕು. ಇಲ್ಲವಾದರೆ ಗುಂಡುಗಳು ಚೆಲ್ಲಿಹೋಗುತ್ತವೆ. ತೊಳೆದ ಎಣ್ಣೆಯನ್ನು ಹೊಲಕ್ಕಾಗಲಿ ಬಾವಿಯ ಬಳಿಗಾಗಲಿ ಚೆಲ್ಲಕೂಡದು. ಒಳಗಿನ ಹಲ್ಲು ಸವೆದಿದ್ದರೆ ಹೊಸದು ಹಾಕುವುದು ನ್ಯಾಯ. ಬಿಚ್ಚಿ ನೋಡದೆಯೇ ಎಸೆಯುವುದು ಯಾವ ನ್ಯಾಯ?

ಎಸೆದ ಪ್ರತಿಯೊಂದು ಉಕ್ಕಿನ ತುಂಡಿನ ಹಿಂದೆ ಅಗೆದ ಗುಡ್ಡವೊಂದಿದೆ. ಕುದುರೆಮುಖದ ಗಣಿಗಾರಿಕೆಯನ್ನು 2005ರ ಕೊನೆಗೆ ನಿಲ್ಲಿಸುವಂತೆ ಮಾಡಿದ ನಾಡು ನಮ್ಮದು. ಗುಡ್ಡಕ್ಕಾಗಿ ಘೋಷಣೆ ಕೂಗಿ, ದುರಸ್ತಿಯಾಗುವ ಉಕ್ಕನ್ನು ಗುಜರಿಗೆ ಹಾಕುವುದು ಆತ್ಮವಂಚನೆಯಲ್ಲವೇ?

ಕೌಶಲವಿಲ್ಲವೆಂಬ ಮಾತಂತೂ ಕೋಲಾರ ಜಿಲ್ಲೆಯಲ್ಲಿ ಒಪ್ಪತಕ್ಕದ್ದಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಚಾಂಪಿಯನ್ ರೀಫ್ ಗಣಿಯ ಯಂತ್ರಗಳನ್ನು ದುಡಿಸಿದ ಕೈಗಳು ಕೆ.ಜಿ.ಎಫ್.ನವು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಬಳಿಕ ಆ ಕೈಗಳಿಗೆ ಕೆಲಸ ಕೊಡಲಾಗದ ವ್ಯವಸ್ಥೆ, ಅವುಗಳ ವಿದ್ಯೆಯನ್ನಾದರೂ ಮಕ್ಕಳಿಗೆ ದಾಟಿಸಬಹುದಿತ್ತು. ಮಾರಿಕುಪ್ಪಂ, ಬಂಗಾರಪೇಟೆಗಳಿಂದ ರೈಲು ಹತ್ತಿ ನಿತ್ಯ ಬೆಂಗಳೂರಿಗೆ ಕೂಲಿಗೆ ಹೋಗುವವರ ಜತೆಗೆ ಆ ವಿದ್ಯೆಯೂ ಊರು ಬಿಡುತ್ತಿದೆ.

2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆಯನ್ನು ಆರಂಭಿಸಿತು. ಒಳ್ಳೆಯ ಕೆಲಸವೇ. ಆದರೆ ಸವಾರಿ ಕೊಟ್ಟು ಸ್ಪ್ಯಾನರ್ ಕೊಡದ ದಾನ ಎಷ್ಟು ದಿನದ್ದು? 2022ರಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿನ ಚೌಕಟ್ಟಿಗೆ ಸಮಿತಿ ರಚಿಸಿದಾಗ ಕೃಷಿ ಯಂತ್ರ, ಮೊಬೈಲು, ಗೃಹೋಪಕರಣ, ಮೋಟಾರು ವಾಹನಗಳ ಮಾತು ಬಂತು. ಬಡವನ ಸೈಕಲ್ಲು ಯಾರಿಗೆ ನೆನಪಾಯಿತು?

ನಮ್ಮ ಬೇಡಿಕೆ ದೊಡ್ಡದಲ್ಲ. ಪ್ರತಿ ಪ್ರೌಢಶಾಲೆಗೆ ಒಂದು ಉಪಕರಣಗಳ ಪೆಟ್ಟಿಗೆ. ತಿಂಗಳಿಗೊಂದು ಮಧ್ಯಾಹ್ನ ಊರಿನ ಸೈಕಲ್ ಷಾಪಿನವರೇ ಗುರುಗಳು, ಅವರಿಗೆ ಪಂಚಾಯತಿಯಿಂದ ಗೌರವಧನ. ವಿದ್ಯಾರ್ಥಿ ಮಿತ್ರರೇ, ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಎದ್ದುನಿಂತು ಕೇಳಿ. ಅಲ್ಲಿಯವರೆಗೆ, ಎಸೆಯುವ ಮುನ್ನ ಒಮ್ಮೆ ಬಲಕ್ಕೆ ತಿರುಗಿಸಿ ನೋಡಿ.