ಕೇಳಿ ಕಲಿಯುವ ಕಸುಬು

“ಬಿ.ಎ. ಓದುವವಳಿಗೆ ಸಾಫ್ಟ್‌ವೇರಿನವರ ಹರಟೆ ಯಾಕೇ?” ಶಿರಾಳಕೊಪ್ಪದ ಬಸ್ಸಿನಲ್ಲಿ ಗೆಳತಿಯೊಬ್ಬಳು ನನ್ನನ್ನು ಹೀಗೆ ಕೇಳಿ ಒಂದು ವರ್ಷವಾಯಿತು. ನನ್ನ ಕಿವಿಯಲ್ಲಿದ್ದುದು ಸಿನಿಮಾ ಹಾಡಲ್ಲ, ಪಾಡ್‌ಕಾಸ್ಟ್ ಎಂದು ತಿಳಿದು ಅವಳಿಗೆ ನಗು ಬಂದಿತ್ತು. ಅಂದು ತಕ್ಕ ಉತ್ತರ ಹೊಳೆಯಲಿಲ್ಲ. ಈ ಲೇಖನವು ಆ ಪ್ರಶ್ನೆಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ. ನನ್ನಂತೆಯೇ ಕಲಾ ವಿಭಾಗದಲ್ಲಿ ಓದುತ್ತ, ಮುಂದೆ ಗಣಕದ ಕಸುಬಿಗೆ ಹೋಗಬಹುದೇ ಎಂದು ಅಳುಕುತ್ತಿರುವ ವಾಚಕ ಮಿತ್ರರಿಗೆ ಇದರಿಂದ ಕಿಂಚಿತ್ತಾದರೂ ಪ್ರಯೋಜನವಾದೀತೆಂದು ನಂಬಿದ್ದೇನೆ.

ಪಾಡ್‌ಕಾಸ್ಟ್ ಎಂದರೆ ನಮಗೆ ಬೇಕಾದಾಗ ಕೇಳಬಹುದಾದ ರೇಡಿಯೋ ಎನ್ನಬಹುದು. ಕಾರ್ಯಕ್ರಮವನ್ನು ಧ್ವನಿಮುದ್ರಿಸಿ ಅಂತರಜಾಲದಲ್ಲಿ ಇಟ್ಟಿರುತ್ತಾರೆ. ಕೇಳುಗರು ಮೊಬೈಲಿಗೆ ಇಳಿಸಿಕೊಂಡು ಬಿಡುವಾದಾಗ ಕೇಳುತ್ತಾರೆ. ಈ ಪದ ಬಳಕೆಗೆ ಬಂದುದು 2004ರಲ್ಲಿ, ಇಂಗ್ಲೆಂಡಿನ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಬೆನ್ ಹ್ಯಾಮರ್ಸ್‌ಲಿ ಬರೆದ ಲೇಖನದಿಂದ. ಪದ ಹೊಸದಾದರೂ ಕಿವಿಯಿಂದ ಕಲಿಯುವುದು ನಮಗೆ ಹೊಸದಲ್ಲ. ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿಯೇ ಸ್ವಂತ ಪ್ರಯತ್ನದಿಂದ ‘ಆಕಾಶವಾಣಿ’ಯನ್ನು ಆರಂಭಿಸಿದರು. ನಮ್ಮ ಜಿಲ್ಲೆಯ ಭದ್ರಾವತಿಗೆ ಆಕಾಶವಾಣಿ ನಿಲಯ ಬಂದುದು 1965ರಲ್ಲಿ. ಅದರ ಕೃಷಿ ಕಾರ್ಯಕ್ರಮಗಳನ್ನು ಕೇಳಿ ಬಿತ್ತನೆಯ ವಿಚಾರ ತಿಳಿದುಕೊಂಡ ಹಿರಿಯರು ನಮ್ಮ ಸೀಮೆಯಲ್ಲಿ ಎಷ್ಟೋ ಮಂದಿ ಇದ್ದಾರೆ. ಹೆಚ್ಚು ತಿಳಿದವನನ್ನು ನಮ್ಮ ಹಿಂದಿನವರು ‘ಬಹುಶ್ರುತ’, ಅಂದರೆ ಬಹಳ ಕೇಳಿದವನು, ಎಂದೇ ಕರೆದರಲ್ಲವೇ?

ಯಾವ ಕಸುಬೇ ಆಗಲಿ, ಅದರ ಅರ್ಧ ಪಾಠ ಶಾಲೆಯಲ್ಲಿ ನಡೆಯುವುದಿಲ್ಲ. ರೈತನ ಮಗುವಿಗೆ ಶುಂಠಿ ಯಾವ ಗದ್ದೆಯಲ್ಲಿ ಕೊಳೆಯುತ್ತದೆ, ಜೋಳಕ್ಕೆ ಯಾವಾಗ ಗೊಬ್ಬರ ಹಾಕಬೇಕು ಎಂಬುದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಜಗಲಿಯಲ್ಲಿ ಹಿರಿಯರು ಆಡುವ ಮಾತು ಅದರ ಕಿವಿಗೆ ಬೀಳುತ್ತಿರುತ್ತದೆ. ಹೋದ ವರ್ಷ ಏನು ತಪ್ಪಾಯಿತು, ಈ ವರ್ಷ ಏಕೆ ಬೇರೆ ಮಾಡಬೇಕು ಎಂದು ಅವರು ತರ್ಕಿಸುವುದನ್ನು ಕೇಳಿ ಕೇಳಿ ಮಗು ಬುದ್ಧಿ ಬರುವ ಹೊತ್ತಿಗೆ ಅರ್ಧ ಬೇಸಾಯಗಾರನಾಗಿರುತ್ತದೆ. ಹಾಗೆಯೇ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವವರ ಮಕ್ಕಳಿಗೆ ಊಟದ ಹೊತ್ತಿನಲ್ಲಿಯೇ ಆ ಕಸುಬಿನ ಮಾತು ಕಿವಿಗೆ ಬೀಳುತ್ತದೆ. ಕಾಲೇಜಿನ ಮೆಟ್ಟಿಲನ್ನು ಮೊದಲ ಬಾರಿಗೆ ಹತ್ತಿದ ಮನೆಗಳ ನಮಗೆ ಆ ಜಗಲಿ ಇಲ್ಲ. ಪುಸ್ತಕ ಸಿಗುತ್ತದೆ, ಯೂಟ್ಯೂಬಿನಲ್ಲಿ ಪಾಠವೂ ಸಿಗುತ್ತದೆ. ಆದರೆ ಕೆಲಸ ಬಲ್ಲವರು ತಮ್ಮತಮ್ಮೊಳಗೆ ಹೇಗೆ ಮಾತಾಡುತ್ತಾರೆ, ಎಲ್ಲಿ ಹಿಂಜರಿಯುತ್ತಾರೆ, ಎಡವಿದಾಗ ಏನು ಮಾಡುತ್ತಾರೆ ಎಂಬುದು ಅವುಗಳಲ್ಲಿ ಸಿಗುವುದು ಕಡಮೆ. ಒಳ್ಳೆಯ ಪಾಡ್‌ಕಾಸ್ಟ್ ಆ ಕೊರತೆಯನ್ನು ತುಂಬುತ್ತದೆ. ಅದು ನಮ್ಮಂಥವರ ಜಗಲಿ ಎಂಬುದೇ ನನ್ನ ವಾದ.

ಇದಕ್ಕೆ ನನ್ನ ಅನುಭವದ ಒಂದು ಉದಾಹರಣೆ. ಮೊದಲ ತಿಂಗಳು ಕೇಳಿದ್ದರಲ್ಲಿ ಕಾಲುಭಾಗವೂ ತಿಳಿಯಲಿಲ್ಲ. ಒಂದು ದಿನದ ಸಂಭಾಷಣೆಯಲ್ಲಿ ‘ಟೆಕ್ನಿಕಲ್ ಡೆಟ್’, ಅಂದರೆ ತಾಂತ್ರಿಕ ಸಾಲ, ಎಂಬ ಮಾತು ಮತ್ತೆ ಮತ್ತೆ ಬಂತು. ವಿಕಿ ಎಂಬ ಪದ್ಧತಿಯನ್ನು 1995ರಲ್ಲಿ ಜಗತ್ತಿಗೆ ಕೊಟ್ಟ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕದವರು 1992ರಲ್ಲಿ ಬಳಕೆಗೆ ತಂದ ಉಪಮೆ ಇದು. ಅವಸರಕ್ಕೆ ಹೇಗೋ ಬರೆದ ಪ್ರೋಗ್ರಾಂ ಸಾಲ ತಂದಂತೆ. ಆ ಹೊತ್ತಿನ ಕೆಲಸ ನಡೆದುಹೋಗುತ್ತದೆ. ಬೇಗನೆ ತಿದ್ದಿ ಬರೆದರೆ ಸಾಲ ತೀರಿತು; ತಿದ್ದದೆ ಬಿಟ್ಟರೆ ಮುಂದಿನ ಪ್ರತಿಯೊಂದು ಬದಲಾವಣೆಯೂ ಕಷ್ಟವಾಗುತ್ತ ಬಡ್ಡಿ ಬೆಳೆಯುತ್ತದೆ. ಇದನ್ನು ಕೇಳಿದಾಗ ನನಗೆ ಅರಿವಿಲ್ಲದೆ ನಗು ಬಂತು. ಬಡ್ಡಿ ಬೆಳೆಯುವುದೆಂದರೇನೆಂದು ನಮ್ಮ ಮನೆಯವರಿಗೆ ಯಾವ ಅಮೆರಿಕದವರೂ ಹೇಳಿಕೊಡಬೇಕಾಗಿಲ್ಲ! ನನ್ನದಲ್ಲವೆಂದು ತಿಳಿದಿದ್ದ ಲೋಕದ ಒಂದು ಬಾಗಿಲು ಅಂದು ತೆರೆಯಿತು. ಅವರೂ ನಮ್ಮಂತೆ ಸಾಲ, ದುರಸ್ತಿ, ಕೈಗೂಡದ ಕೆಲಸಗಳ ಚಿಂತೆಯಲ್ಲಿರುವ ಮನುಷ್ಯರೇ ಎಂಬ ಧೈರ್ಯ ಬಂತು.

ಹಾಗೆಂದು ಸಿಕ್ಕಿದ್ದನ್ನೆಲ್ಲ ಕೇಳಬೇಕೆಂದು ನಾನು ಹೇಳಲಾರೆ. ಇವುಗಳಲ್ಲಿ ಎರಡು ಬಗೆ ಕಾಣುತ್ತೇನೆ. ಒಂದು, ಇಂದು ಯಾವ ಹೊಸ ಸಾಧನ ಬಂತು, ಯಾವ ಕಂಪನಿ ಏನು ಹೇಳಿತು ಎಂಬ ಸುದ್ದಿಯ ಬಗೆ. ಇನ್ನೊಂದು, ಏಕೆ ಹೀಗೆ ಮಾಡಿದೆವು, ಎಲ್ಲಿ ತಪ್ಪಿದೆವು ಎಂದು ಹೇಳುವ ಬಗೆ. ಮೊದಲನೆಯದು ಆರು ತಿಂಗಳಲ್ಲಿ ಹಳಸುತ್ತದೆ; ಕೆಲಸದಲ್ಲಿರುವವರಿಗೆ ಅದು ಬೇಕಾದೀತು, ಕಲಿಯುವವರಿಗಲ್ಲ. ಎರಡನೆಯದು ಹತ್ತು ವರ್ಷವಾದರೂ ಉಳಿಯುತ್ತದೆ. 2024ರ ಮಾರ್ಚ್ 29ರಂದು ಬಯಲಾದ ‘ಎಕ್ಸ್‌ಝಡ್’ ಪ್ರಕರಣವನ್ನು ನೋಡಿ. ಲೋಕದ ಅಸಂಖ್ಯ ಲಿನಕ್ಸ್ ಗಣಕಗಳಲ್ಲಿರುವ ಒಂದು ಸಣ್ಣ ತಂತ್ರಾಂಶವನ್ನು ಒಬ್ಬರೇ ಬಿಡುವಿನ ಹೊತ್ತಿನಲ್ಲಿ ನೋಡಿಕೊಳ್ಳುತ್ತಿದ್ದರು. ಸಹಾಯಕನಂತೆ ಬಂದ ಒಬ್ಬ ಅಪರಿಚಿತ ಎರಡು ವರ್ಷಕ್ಕೂ ಹೆಚ್ಚು ಕಾಲ ಅವರ ವಿಶ್ವಾಸ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲನ್ನು ಇಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು ತನ್ನ ಗಣಕದ ಪ್ರವೇಶ ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಗಮನಿಸಿ, ಅದೇಕೆಂದು ಬೆನ್ನು ಹತ್ತಿದ್ದರಿಂದ ಗುಟ್ಟು ರಟ್ಟಾಯಿತು. ಎಚ್ಚರ, ನಂಬಿಕೆ, ಒಂಟಿಯಾಗಿ ದುಡಿಯುವವರ ದಣಿವು – ಇಷ್ಟನ್ನೂ ಕಲಿಸುವ ಈ ಕಥೆ ಹಳತಾಗುವುದೆಂತು?

ಈ ಅಳತೆಗೋಲಿನಿಂದ ನೋಡಿ, ಕೇಳತಕ್ಕವೆಂದು ನನಗೆ ತೋರಿದ ಕೆಲವನ್ನು ಹೇಳುತ್ತೇನೆ. ಮೊದಲ ಹೆಜ್ಜೆಗೆ ‘ಬೇಸ್ ಸಿಎಸ್’ ಒಳ್ಳೆಯದು. ವೈದೇಹಿ ಜೋಶಿ 2017ರಲ್ಲಿ ವಾರಕ್ಕೊಂದರಂತೆ ಬರೆದ ಲೇಖನಗಳು ಇದಕ್ಕೆ ಆಧಾರ. ಅವರೂ ಸೆರಾನ್ ಯಿಟ್‌ಬಾರೆಕ್ ಎಂಬವರೂ ಮಾತಾಡುತ್ತ ಗಣಕ ವಿಜ್ಞಾನದ ಮೂಲ ಕಲ್ಪನೆಗಳನ್ನು ಬಿಡಿಸುತ್ತಾರೆ. ‘ಕ್ಯೂ’ ಎಂದರೆ ನ್ಯಾಯಬೆಲೆ ಅಂಗಡಿಯ ಸಾಲು, ಮೊದಲು ಬಂದವರು ಮೊದಲು ಹೋಗುವರು. ‘ಸ್ಟ್ಯಾಕ್’ ಎಂದರೆ ಒಂದರ ಮೇಲೊಂದು ಇಟ್ಟ ತಟ್ಟೆಗಳು, ಕೊನೆಗಿಟ್ಟದ್ದನ್ನೇ ಮೊದಲು ತೆಗೆಯಬೇಕು ಎಂದು ನಾನು ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡೆ. ಅದೇ ಸೆರಾನ್ 2014ರಲ್ಲಿ ಆರಂಭಿಸಿದ ‘ಕೋಡ್‌ನ್ಯೂಬಿ’ಯಲ್ಲಿ ಬೇರೆ ಬೇರೆ ಉದ್ಯೋಗಗಳಿಂದ ಈ ಕಸುಬಿಗೆ ಬಂದವರ ಮಾತುಗಳಿವೆ. ನಮ್ಮಂಥವರಿಗೆ ಅದರ ಹಳೆಯ ಕಂತುಗಳೇ ಸಾಕಷ್ಟು ಬುತ್ತಿ.

ಪೈಥಾನ್ ಭಾಷೆಯನ್ನು ಕಲಿಯುವವರಿಗೆ ಮೈಕೆಲ್ ಕೆನೆಡಿ 2015ರಿಂದ ನಡೆಸುತ್ತಿರುವ ‘ಟಾಕ್ ಪೈಥಾನ್ ಟು ಮಿ’ ಇದೆ. ಹೊತ್ತು ಕಡಮೆ ಇದ್ದವರಿಗೆ ಜೊನಾಥನ್ ಕಟ್ರೆಲ್ ಅವರ ‘ಡೆವಲಪರ್ ಟೀ’; ಹೆಸರಿಗೆ ತಕ್ಕಂತೆ ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಕಂತುಗಳು. ಸ್ವಲ್ಪ ಬಲಿತ ಮೇಲೆ ‘ಸಾಫ್ಟ್‌ವೇರ್ ಇಂಜಿನಿಯರಿಂಗ್ ರೇಡಿಯೋ’ ಕೇಳಬೇಕು. ಜರ್ಮನಿಯ ಮಾರ್ಕಸ್ ಫೋಲ್ಟರ್ 2006ರಲ್ಲಿ ಆರಂಭಿಸಿದ ಇದನ್ನು 2012ರಿಂದ ‘ಐಇಇಇ ಸಾಫ್ಟ್‌ವೇರ್’ ಪತ್ರಿಕೆಯವರು ನಡೆಸುತ್ತಿದ್ದಾರೆ. ಸುದ್ದಿಯ ಬೆನ್ನು ಹತ್ತದೆ ಬಾಳುವ ಪಾಠವನ್ನೇ ಕೊಡಬೇಕೆಂಬುದು ಇದರ ಸಂಕಲ್ಪ. ಮುಕ್ತ ತಂತ್ರಾಂಶಗಳನ್ನು ಕಟ್ಟಿದವರೊಡನೆ ಮಾತಾಡುವ ‘ದಿ ಚೇಂಜ್‌ಲಾಗ್’ 2009ರಷ್ಟು ಹಳೆಯದು. ಕಥೆಯ ರುಚಿ ಇರುವವರಿಗೆ ಜ್ಯಾಕ್ ರೈಸೈಡರ್ 2017ರಲ್ಲಿ ಆರಂಭಿಸಿದ ‘ಡಾರ್ಕ್‌ನೆಟ್ ಡೈರೀಸ್’ ಇದೆ. ಇರಾನಿನ ಅಣುಸ್ಥಾವರವನ್ನು ಹೊಕ್ಕು 2010ರಲ್ಲಿ ಪತ್ತೆಯಾದ ‘ಸ್ಟಕ್ಸ್‌ನೆಟ್’ ಎಂಬ ಹುಳುವಿನ ಕಥೆ ಅದರಲ್ಲಿದೆ. ಅದನ್ನು ಕೇಳುವಾಗ ಬಸ್ಸು ಊರು ಮುಟ್ಟಿದ್ದು ತಿಳಿಯುವುದಿಲ್ಲ.

ಕೇಳುವ ಕ್ರಮದ ಬಗ್ಗೆಯೂ ಒಂದೆರಡು ಮಾತು. ಸುಮಾರಾಗಿ ಒಂದು ಗಂಟೆಯ ಕಂತು 128 ಕಿಲೋಬಿಟ್ ದರದಲ್ಲಿದ್ದರೆ 58 ಎಂಬಿಯಷ್ಟೇ ಆಗುತ್ತದೆ. ವಿಡಿಯೋಗೆ ಹೋಲಿಸಿದರೆ ಬಹಳ ಅಗ್ಗ. ನೆಟ್‌ವರ್ಕ್ ಇರುವಲ್ಲಿ ಇಳಿಸಿಕೊಂಡರೆ ಇಲ್ಲದಲ್ಲಿ ಕೇಳಬಹುದು. ‘ಆಂಟೆನಾಪಾಡ್’ ಎಂಬ ಉಚಿತ ಆ್ಯಪ್‌ನಲ್ಲಿ ಮಾತಿನ ವೇಗವನ್ನು ತಗ್ಗಿಸಿಕೊಳ್ಳಲೂ ಬರುತ್ತದೆ. ಚೇಂಜ್‌ಲಾಗ್, ಟಾಕ್ ಪೈಥಾನ್ ಮೊದಲಾದವು ಮಾತನ್ನೆಲ್ಲ ಅಕ್ಷರರೂಪದಲ್ಲಿಯೂ ಕೊಡುತ್ತವೆ. ಮೊದಲು ಕೇಳಿ, ಆಮೇಲೆ ಓದಿ, ಮತ್ತೊಮ್ಮೆ ಕೇಳಿದರೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಕಿವಿಗೆ ಆ ಇಂಗ್ಲಿಷು ಒಗ್ಗುತ್ತದೆ. ಒಂದು ಕಂತಿಗೆ ಐದು ಹೊಸ ಪದ ಬರೆದಿಟ್ಟುಕೊಂಡರೂ ವರ್ಷಕ್ಕೆ ಒಂದು ಸಣ್ಣ ನಿಘಂಟೇ ಆದೀತು.

ಇದಕ್ಕೆ ಎದುರುಮಾತು ಇಲ್ಲದಿಲ್ಲ. ‘ದಡದಲ್ಲಿ ಕುಳಿತು ಕೇಳಿದರೆ ಈಜು ಬಂದೀತೇ?’ ಎನ್ನುವರು. ಬಾರದು, ಇದನ್ನು ನಾನು ಒಪ್ಪುತ್ತೇನೆ. ಕೀಲಿಮಣೆಯ ಮುಂದೆ ಕುಳಿತು ತಪ್ಪಿ, ತಿದ್ದಿ, ಮತ್ತೆ ತಪ್ಪದೆ ಈ ವಿದ್ಯೆ ಕೈಗೆ ಬಾರದು. ಕೇಳುವುದರಲ್ಲೇ ತೃಪ್ತರಾಗಿ ಕಲಿತೆವೆಂದು ಭ್ರಮಿಸುವ ಅಪಾಯ ನನಗೂ ಒದಗಿತ್ತು. ನಾಲ್ಕು ತಿಂಗಳು ಕೇಳಿದ ಮೇಲೂ ಹತ್ತು ಸಾಲಿನ ಪ್ರೋಗ್ರಾಂ ಬರೆಯಲಾರದೆ ಹೋದಾಗ ಎಚ್ಚರವಾಯಿತು. ಈಗ ಒಂದು ಗಂಟೆ ಕೇಳಿದರೆ ಎರಡು ಗಂಟೆ ಮಾಡಬೇಕೆಂಬ ನಿಯಮವನ್ನು ಇಟ್ಟುಕೊಂಡಿದ್ದೇನೆ.

ಇನ್ನು ಕೆಲವರು, ‘2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು, ಯಂತ್ರವೇ ಕೋಡ್ ಬರೆಯುತ್ತದೆ, ಇನ್ನು ಕಲಿತು ಏನು ಫಲ?’ ಎನ್ನುತ್ತಾರೆ. ಯಂತ್ರ ಬರೆದದ್ದು ಸರಿಯೋ ತಪ್ಪೋ ಎಂದು ಹೇಳುವವರು ಬೇಡವೇ? ಹೇಗೆ ಬರೆಯಬೇಕೆಂಬುದಕ್ಕಿಂತ ಏನನ್ನು, ಏಕೆ ಬರೆಯಬೇಕೆಂಬ ವಿವೇಚನೆಗೆ ಈಗ ಬೆಲೆ ಹೆಚ್ಚು. ಆ ವಿವೇಚನೆ ಬೆಳೆಯುವುದು ಅನುಭವಿಗಳ ಮಾತನ್ನು ಕೇಳಿ ಕೇಳಿಯೇ.

ಮತ್ತೊಂದು ಮಾತು ನನ್ನ ಮನಸ್ಸನ್ನು ಕೊರೆಯುತ್ತಿದೆ. ಮೇಲೆ ಹೆಸರಿಸಿದವೆಲ್ಲ ಇಂಗ್ಲಿಷಿನವು. ಗಂಟೆಗಟ್ಟಲೆ ವಿಚಾರವನ್ನು ಕನ್ನಡದಲ್ಲಿ ಸೊಗಸಾಗಿ ಮಾತಾಡಬಹುದೆಂದು ‘ತಲೆ-ಹರಟೆ’ ಪಾಡ್‌ಕಾಸ್ಟಿನ ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಮೊದಲಾದವರು ತೋರಿಸಿಕೊಟ್ಟಿದ್ದಾರೆ. ಸಾಫ್ಟ್‌ವೇರ್ ಕಸುಬಿನ ಒಳಮಾತು ಹಾಗೆ ಕನ್ನಡದಲ್ಲಿ ಏಕೆ ಹೇರಳವಾಗಿ ಬರಬಾರದು? ಹೇಳಲು ಕಥೆಗಳಿಲ್ಲವೇ? ಶೇಷಾದ್ರಿವಾಸು ಅವರು 1998ರಲ್ಲಿ ‘ಬರಹ’ವನ್ನು ಕೊಟ್ಟ ಕಥೆ ಇದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕಥೆ ಇದೆ. ‘ನುಡಿ’ಯಲ್ಲಿ ನಾವು ಬಳಸುವ ವಿನ್ಯಾಸದ ಮೂಲ ಅದೇ. ನಮ್ಮ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಎಣಿಸಿದರೆ ಸಾವಿರಾರು ರೂಪಗಳು, ಕೀಲಿಗಳೋ ಇಪ್ಪತ್ತಾರು. ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ ಎಂಬ ನಾಲ್ಕು ಕೀಲಿ ಒತ್ತಿದರೆ ಸಾಕು. ‘ಎಫ್’ ಒತ್ತನ್ನು ಬೆಸೆಯುತ್ತದೆ. ವ್ಯಂಜನ, ಸ್ವರ, ಸಂಯುಕ್ತಾಕ್ಷರಗಳ ನಿಯಮವನ್ನು ಅರಿತವರಿಗಲ್ಲದೆ ಈ ಉಪಾಯ ಹೊಳೆಯುತ್ತಿತ್ತೇ? ವ್ಯಾಕರಣ ಓದುವ ಬಿ.ಎ. ವಿದ್ಯಾರ್ಥಿಗೆ ಸಾಫ್ಟ್‌ವೇರಿನಲ್ಲಿ ಏನು ಕೆಲಸ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾಗಿಲ್ಲ.

ಆದಕಾರಣ ನಮ್ಮ ಕಾಲೇಜಿನ ಹಿರಿಯರಲ್ಲಿ ನನ್ನದೊಂದು ನಮ್ರ ಸೂಚನೆ. ವಾರಕ್ಕೆ ಒಂದು ಗಂಟೆ ಗ್ರಂಥಾಲಯದಲ್ಲಿ ಆಸಕ್ತರೆಲ್ಲ ಸೇರಿ ಒಂದು ಕಂತನ್ನು ಕೇಳಿ, ಕನ್ನಡದಲ್ಲಿ ಚರ್ಚಿಸುವ ವ್ಯವಸ್ಥೆಯಾಗಲಿ. ಇಲ್ಲಿ ಓದಿ ಬೆಂಗಳೂರು ಸೇರಿರುವ ಅಣ್ಣಂದಿರೂ ಅಕ್ಕಂದಿರೂ ತಮ್ಮ ಕೆಲಸದಲ್ಲಿ ಮಾಡಿದ ಒಂದು ತಪ್ಪನ್ನು, ಅದನ್ನು ತಿದ್ದಿಕೊಂಡ ಬಗೆಯನ್ನು ಮೊಬೈಲಿನಲ್ಲಿಯೇ ಅರ್ಧ ಗಂಟೆ ಕನ್ನಡದಲ್ಲಿ ಹೇಳಿ ಕಳುಹಿಸಲಿ. ಇದಕ್ಕೆ ಹಣ ಬೇಡ, ಕಟ್ಟಡ ಬೇಡ, ಮನಸ್ಸಿದ್ದರೆ ಸಾಕು.

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದೆ ಐದನೆಯ ಶತಮಾನದ ಕಂಬವೊಂದಿದೆ. ಕದಂಬರ ಮಯೂರಶರ್ಮನು ವೀರಶರ್ಮನೊಡನೆ ವಿದ್ಯೆಯನ್ನರಸಿ ದೂರದ ಕಂಚಿಯ ಘಟಿಕಾಸ್ಥಾನಕ್ಕೆ ಹೋದುದನ್ನು ಕುಬ್ಜ ಕವಿ ಅದರಲ್ಲಿ ಹೇಳಿದ್ದಾನೆ. ಅಲ್ಲಿಯೇ ದೊರೆತ ಸಿಂಹಕಟಾಂಜನದ ಶಾಸನವನ್ನು ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದೆಂದು ಎಣಿಸುತ್ತಾರೆ. ಅಂದು ವಿದ್ಯೆಗಾಗಿ ಊರು ಬಿಟ್ಟು ನಡೆಯಬೇಕಾಗಿತ್ತು. ಇಂದು ಕಂಚಿಯೇ ನಮ್ಮ ಕಿವಿಯವರೆಗೆ ಬಂದಿದೆ. ಬಂದದ್ದನ್ನು ಗಮನವಿಟ್ಟು ಕೇಳೋಣ. ಕೇಳಿದ್ದನ್ನು ಕೈಯಿಂದ ಮಾಡೋಣ. ಮಾಡಿ ತಿಳಿದದ್ದನ್ನು ನಮ್ಮ ಹಿಂದೆ ಬರುವ ತಮ್ಮತಂಗಿಯರಿಗೆ ಕನ್ನಡದಲ್ಲಿ ಹೇಳೋಣ. ಅವರ ಮನೆಯ ಜಗಲಿಯಲ್ಲಾದರೂ ಈ ಕಸುಬಿನ ಮಾತು ಕೇಳಿಬರಲಿ.