ಸರ್ಕಾರದ ಸೂಚ್ಯಂಕವೂ ನಮ್ಮ ಮನೆವಾರ್ತೆಯೂ

ಅರ್ಥಶಾಸ್ತ್ರವೆಂದರೆ ಕಾಲೇಜಿನಲ್ಲಿ ಕಲಿತು ಪರೀಕ್ಷೆಯ ಮರುದಿನ ಮರೆಯತಕ್ಕ ವಿದ್ಯೆಯೆಂದು ಅನೇಕರು ಭಾವಿಸಿರುವರು. ಆದರೆ ಸಂಸಾರವನ್ನು ನಡೆಯಿಸುವ ಕಾರ್ಯಕ್ಕೆ ನಮ್ಮ ಹಿರಿಯರು ‘ಮನೆವಾರ್ತೆ’ಯೆಂದು ಹೆಸರಿಟ್ಟಿದ್ದರು. ಕೌಟಿಲ್ಯನು ನಾಲ್ಕು ವಿದ್ಯೆಗಳನ್ನು ಎಣಿಸುವಾಗ ಕೃಷಿ, ಪಶುಪಾಲನೆ, ವಾಣಿಜ್ಯಗಳನ್ನು ಒಟ್ಟುಗೂಡಿಸಿ ‘ವಾರ್ತೆ’ಯೆಂದೇ ಕರೆದನು. ಆತನ ಗ್ರಂಥವು ಲೋಕಕ್ಕೆ ಮರಳಿ ದೊರೆತುದಾದರೂ ನಮ್ಮ ಲಕ್ಷ್ಮೀಪುರದಿಂದ ಕಾಲುನಡಿಗೆಯಲ್ಲಿ ಹೋಗಿ ಬರಬಹುದಾದ ಸ್ಥಳದಲ್ಲಿಯೇ. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಪ್ಪಿಸಿದ ಓಲೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಸರಕುಗಳ ಬೆಲೆಯ ಏರಿಳಿತಗಳನ್ನು ಅರಿತಿರುವುದು ಪಣ್ಯಾಧ್ಯಕ್ಷನ ಕರ್ತವ್ಯವೆಂದು ಅದರಲ್ಲಿ ವಿಧಿಸಿದೆ. ಈ ಕಾಲದಲ್ಲಿ ಆ ಅರಿವನ್ನು ಒದಗಿಸತಕ್ಕದ್ದು ಗ್ರಾಹಕ ಬೆಲೆ ಸೂಚ್ಯಂಕ. ಈ ತಿಂಗಳು ಅದರ ವಿಚಾರವನ್ನೇ ಎತ್ತಿಕೊಳ್ಳುವೆನು.

ನಮ್ಮ ನೆರೆಮನೆಯ ವೃದ್ಧ ಗೃಹಿಣಿಯೊಬ್ಬರ ಮೊಮ್ಮಗನು ಪದವಿಪೂರ್ವ ತರಗತಿಯಲ್ಲಿ ಅರ್ಥಶಾಸ್ತ್ರವನ್ನು ಓದುತ್ತಿರುವನು. 2025ನೆಯ ನವೆಂಬರಿನಲ್ಲಿ ಒಂದು ಬೆಳಗ್ಗೆ ಅವನು ಪತ್ರಿಕೆಯನ್ನು ಹಿಡಿದು, “ಅಜ್ಜಿ, ಅಕ್ಟೋಬರಿನಲ್ಲಿ ದೇಶದ ಬೆಲೆಯೇರಿಕೆ ನೂರಕ್ಕೆ ಕಾಲು ರೂಪಾಯಿ ಮಾತ್ರವಂತೆ!” ಎಂದನು. ಆಕೆ ತುರಿಯುವ ಮಣೆಯಿಂದ ತಲೆಯೆತ್ತದೆ, “ಹಾಗಾದರೆ ಆ ಪತ್ರಿಕೆಯನ್ನು ತೆಂಗಿನಕಾಯಿ ಅಂಗಡಿಯವನಿಗೆ ತೋರಿಸಿ ಎರಡು ಕಾಯಿ ತೆಗೆದುಕೊಂಡು ಬಾ, ಮಗು,” ಎಂದರು. ಹುಡುಗನು ನಿರುತ್ತರನಾಗಿ ನಮ್ಮಲ್ಲಿಗೆ ಬಂದನು.

ಇಬ್ಬರ ಮಾತೂ ಸತ್ಯವೇ. ಆ ತಿಂಗಳ ಅಂಕಿ ಶೇಕಡ 0.25. 2012ನ್ನು ಆಧಾರವರ್ಷವಾಗಿಟ್ಟುಕೊಂಡ ಆ ಶ್ರೇಣಿಯಲ್ಲಿ ಅಷ್ಟು ಕಡಮೆಯ ಅಂಕಿ ಹಿಂದೆಂದೂ ಬಂದಿರಲಿಲ್ಲ. ಅದೇ ವರ್ಷ ತೆಂಗಿನಕಾಯಿಯೂ ಕೊಬ್ಬರಿ ಎಣ್ಣೆಯೂ ಬಹಳ ತುಟ್ಟಿಯಾದುದನ್ನು ಮೈಸೂರಿನ ಯಾವ ಅಡುಗೆಮನೆಗೂ ಹೇಳಿಕೊಡಬೇಕಾಗಿಲ್ಲ. ಇವೆರಡೂ ಹೇಗೆ ಕೂಡಿ ಬರುವುವು?

ಮೊದಲನೆಯದಾಗಿ, ಈ ಅಂಕಿಯು ಹಿಂದಿನ ವರ್ಷದ ಅದೇ ತಿಂಗಳೊಡನೆ ಮಾಡಿದ ಹೋಲಿಕೆ. ತರಕಾರಿಯನ್ನು ನೋಡಿರಿ. 2024ರ ಅಕ್ಟೋಬರಿನಲ್ಲಿ ಅದರ ಬೆಲೆ ಹಿಂದಿನ ವರ್ಷಕ್ಕಿಂತ ಶೇಕಡ 42ರಷ್ಟು ಏರಿತ್ತು. 2025ರ ಅಕ್ಟೋಬರಿನಲ್ಲಿ ಶೇಕಡ 27ಕ್ಕೂ ಮಿಕ್ಕು ಇಳಿಯಿತು. ನೂರು ರೂಪಾಯಿಯ ತರಕಾರಿ ನೂರನಲವತ್ತೆರಡಾಗಿ, ಮತ್ತೆ ನೂರಮೂರರ ಸುಮಾರಿಗೆ ಬಂದಿತು. ಏರಿದ್ದುದು ಇಳಿಯಿತೇ ಹೊರತು ಅಗ್ಗದ ಕಾಲವೇನೂ ಬರಲಿಲ್ಲ. ಬೆಲೆಯೇರಿಕೆಯ ದರ ತಗ್ಗುವುದು ಬೇರೆ, ಬೆಲೆ ತಗ್ಗುವುದು ಬೇರೆ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಎರಡನೆಯದಾಗಿ, ಸೂಚ್ಯಂಕದಲ್ಲಿ ಒಂದೊಂದು ಪದಾರ್ಥಕ್ಕೂ ಒಂದೊಂದು ತೂಕವುಂಟು. ಅದು ಇಡೀ ದೇಶದ ಮನೆಗಳ ಸರಾಸರಿ ವೆಚ್ಚದಿಂದ ಹುಟ್ಟಿದುದು. ಸಾಸುವೆ ಎಣ್ಣೆಯಲ್ಲಿ ಅಡುಗೆ ಮಾಡುವ ಮನೆಯೂ, ಹುಳಿಗೂ ಪಲ್ಯಕ್ಕೂ ಚಟ್ನಿಗೂ ಕಾಯಿ ತುರಿಯುವ ಮನೆಯೂ ಅಲ್ಲಿ ಒಂದೇ ತಕ್ಕಡಿಯಲ್ಲಿ ಕುಳಿತಿವೆ. ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಒಂದು ಮನೆಯ ತಿಂಗಳ ವೆಚ್ಚ 20,000 ರೂಪಾಯಿ. ಕಾಯಿ ಮತ್ತು ಕೊಬ್ಬರಿ ಎಣ್ಣೆಗೆ 1,000, ತರಕಾರಿಗೆ 2,000, ಉಳಿದುದಕ್ಕೆ 17,000. ಕಾಯಿ-ಎಣ್ಣೆಗಳ ಬೆಲೆ ಶೇಕಡ 80ರಷ್ಟು ಏರಿ, ತರಕಾರಿ ಶೇಕಡ 20ರಷ್ಟು ಇಳಿದು, ಉಳಿದುದು ಶೇಕಡ 3ರಷ್ಟು ಏರಿದರೆ, 800 ಹೆಚ್ಚು, 400 ಕಡಮೆ, 510 ಹೆಚ್ಚು. ಒಟ್ಟು 910 ರೂಪಾಯಿ ಹೆಚ್ಚಿತು. ಎಂದರೆ ಶೇಕಡ ನಾಲ್ಕೂವರೆ. ಕಾಯಿ-ಎಣ್ಣೆಗಳಿಗೆ ನೂರು ರೂಪಾಯಿ ಮಾತ್ರ ವೆಚ್ಚಮಾಡಿ, ಮಿಕ್ಕ 17,900ನ್ನು ಇತರ ಬಾಬುಗಳಿಗೆ ಹಾಕುವ ಇನ್ನೊಂದು ಮನೆಗೆ ಅದೇ ಬೆಲೆಗಳಿಂದ ಬೀಳುವ ಹೊರೆ 217 ರೂಪಾಯಿ; ಶೇಕಡ ಒಂದಕ್ಕೆ ಚೂರು ಮೇಲೆ. ಪೇಟೆ ಒಂದೇ, ಬೆಲೆ ಒಂದೇ, ಬಿಸಿ ಮಾತ್ರ ಬೇರೆ ಬೇರೆ.

ಇದು ಕೇವಲ ತರ್ಕದ ಮಾತಾಗಿದ್ದರೆ ನಗುತ್ತ ಬಿಡಬಹುದಾಗಿತ್ತು. ಆದರೆ 2016ರಲ್ಲಿ ತಿದ್ದುಪಡಿಯಾದ ಕಾಯಿದೆಯ ಮೇರೆಗೆ ರಿಸರ್ವ್ ಬ್ಯಾಂಕು ಬಡ್ಡಿಯ ದರವನ್ನು ಗೊತ್ತುಮಾಡುವುದು ಈ ಬೆಲೆಯೇರಿಕೆಯ ಅಂಕಿಯನ್ನು ಮುಂದಿಟ್ಟುಕೊಂಡು. 2025ರ ಆರಂಭದಲ್ಲಿ ಶೇಕಡ 6.50 ಇದ್ದ ರೆಪೊ ದರವನ್ನು ಡಿಸೆಂಬರಿನ ಹೊತ್ತಿಗೆ 5.25ಕ್ಕೆ ಇಳಿಸಿತು. ಮನೆ ಕಟ್ಟಲು ಸಾಲ ಮಾಡಿದವನಿಗೆ ಇದು ಶುಭವಾರ್ತೆ. ನಮ್ಮ ನೆರೆಮನೆಯ ಅಜ್ಜಿಯಂತೆ ಠೇವಣಿಯ ಬಡ್ಡಿಯಿಂದಲೇ ಜೀವಿಸುವವರಿಗೆ ಹಾಗಲ್ಲ. ಹತ್ತು ಲಕ್ಷದ ಠೇವಣಿಯನ್ನು ನವೀಕರಿಸುವಾಗ ಬಡ್ಡಿ ಶೇಕಡ ಒಂದು ತಗ್ಗಿದರೆ ವರ್ಷಕ್ಕೆ 10,000 ರೂಪಾಯಿ ಹೋಯಿತು. ದೇಶದ ಸರಾಸರಿಯಿಂದ ಆದಾಯ ಕುಗ್ಗಿತು. ತನ್ನ ಅಡುಗೆಮನೆಯಿಂದ ವೆಚ್ಚ ಹಿಗ್ಗಿತು. ಸರ್ಕಾರವು ಸುಳ್ಳು ಹೇಳಿತೆಂದು ದೂರುವುದು ಸರಿಯಲ್ಲ. ಸರಾಸರಿಯು ಎಲ್ಲರ ಲೆಕ್ಕವನ್ನೂ ಹೇಳಬಲ್ಲುದು, ಒಬ್ಬರ ಲೆಕ್ಕವನ್ನು ಹೇಳಲಾರದು. ಆ ಲೆಕ್ಕವನ್ನು ನಾವೇ ಇಡತಕ್ಕದ್ದು.

ಉಪಾಧ್ಯಾಯರಿಗೆ ನನ್ನ ವಿನಂತಿ ಇಷ್ಟೆ. ಸೂಚ್ಯಂಕದ ಪಾಠವನ್ನು ಕಪ್ಪುಹಲಗೆಯಿಂದಲ್ಲ, ಮನೆಯ ಲೆಕ್ಕದ ಪುಸ್ತಕದಿಂದ ಆರಂಭಿಸಿರಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಹತ್ತು ಪದಾರ್ಥಗಳನ್ನು ಆರಿಸಿಕೊಂಡು, ತಿಂಗಳ ಮೊದಲ ವಾರದಲ್ಲಿ ಅದೇ ಅಂಗಡಿಯಲ್ಲಿ, ಅದೇ ಅಳತೆಗೆ ಬೆಲೆ ಬರೆದಿಡಲಿ. ದೇವರಾಜ ಮಾರುಕಟ್ಟೆಯಾದರೂ ಸರಿ, ಬೀದಿಯ ಮೂಲೆಯ ಅಂಗಡಿಯಾದರೂ ಸರಿ. ಮನೆಯ ಆದಾಯವನ್ನು ತರಗತಿಯಲ್ಲಿ ಕೇಳಬಾರದು. ವೆಚ್ಚದ ಪಾಲು ನೂರಕ್ಕೆ ಎಷ್ಟೆಂದು ಬರೆದರೆ ಸಾಕು. ಕೇಂದ್ರದ ಅಂಕಿಅಂಶ ಸಚಿವಾಲಯವು ತಿಂಗಳು ತಿಂಗಳು ಪ್ರಕಟಿಸುವ ಅಂಕಿಯ ಪಕ್ಕದಲ್ಲಿ ಅದನ್ನಿರಿಸಿ ಹೋಲಿಸಲಿ. ಆಯವ್ಯಯದ ಕಾಲದಲ್ಲಿ ರಾಜ್ಯಸರ್ಕಾರವು ಹೊರಡಿಸುವ ಕರ್ನಾಟಕ ಆರ್ಥಿಕ ಸಮೀಕ್ಷೆಯೂ, ರಿಸರ್ವ್ ಬ್ಯಾಂಕಿನ ಅಂಕಿಅಂಶಗಳ ವಾರ್ಷಿಕ ಕೈಪಿಡಿಯೂ ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ದೊರೆಯುವುವು. ಇಷ್ಟಿದ್ದರೆ ಒಂದು ವರ್ಷದ ಪಾಠಕ್ಕೆ ಸಾಮಗ್ರಿ ಸಾಲದೆ ಹೋಗದು.

ಗೃಹಸ್ಥರಿಗೂ ಒಂದು ಮಾತು. ಠೇವಣಿಗಳೆಲ್ಲ ಒಂದೇ ಕಾಲಕ್ಕೆ ಮುಗಿಯದಂತೆ ಬೇರೆ ಬೇರೆ ಅವಧಿಗೆ ಹಂಚಿಟ್ಟರೆ, ದರ ಇಳಿದ ವರ್ಷದಲ್ಲಿ ಎಲ್ಲ ಹಣವೂ ಒಟ್ಟಿಗೆ ಸಿಕ್ಕಿಬೀಳದು. ಬಂದ ಬಡ್ಡಿಯನ್ನೆಲ್ಲ ಖರ್ಚುಮಾಡುವವರು ಅಸಲು ಹಾಗೆಯೇ ಇದೆಯೆಂದು ನೆಮ್ಮದಿಯಾಗಿರಬಾರದು. ಅಂಕಿ ಉಳಿದರೂ ಅದರ ಕೊಳ್ಳುವ ಶಕ್ತಿ ವರ್ಷವರ್ಷಕ್ಕೆ ಸವೆಯುವುದು.

ನೆರೆಮನೆಯ ಹುಡುಗನು ಈಗ ಅಜ್ಜಿಯ ಲೆಕ್ಕದ ಪುಸ್ತಕದಲ್ಲಿ ಹತ್ತು ಸಾಲುಗಳನ್ನು ಗೆರೆಯೆಳೆದು ಇಟ್ಟಿರುವನು. ಮೊದಲನೆಯ ಸಾಲು ತೆಂಗಿನಕಾಯಿಯದು.